ನಮ್ಮ ಗೋಡೆಯಾಚೆಯ ಟಿಕಿ ಬಾರ್

ನನ್ನ ಸ್ವಭಾವದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ನಾನು ಸಂಶಯದ ಮನುಷ್ಯ. ಗೋವಾದ ಝುವಾರಿನಗರದ ಹತ್ತಿರದ ಒಂದು ಕಾರ್ಖಾನೆಯ ಗೇಟಿನಲ್ಲಿ ನಿಂತು, ಒಳಗೆ ಹೋಗುವವರ ಡಬ್ಬಿ, ಹೊರಗೆ ಬರುವವರ ಚೀಲ ತಪಾಸು ಮಾಡುತ್ತಲೇ ನನ್ನ ತಲೆಗೂದಲು ಬೆಳ್ಳಗಾಯಿತು. ಊಟದ ಡಬ್ಬಿಯ ತಳದಲ್ಲಿ ತಾಮ್ರದ ತಂತಿ ಸುತ್ತಿಟ್ಟುಕೊಂಡು ಬರುವವರನ್ನು ನೋಡಿದವನು ನಾನು. ನಗುನಗುತ್ತ ನಮಸ್ಕಾರ ಹೇಳುವವನ ಚೀಲವನ್ನು ಇನ್ನೊಮ್ಮೆ ನೋಡಬೇಕು ಎಂದು ನನಗೆ ಯಾರೂ ಕಲಿಸಲಿಲ್ಲ, ಕೆಲಸವೇ ಕಲಿಸಿತು. ಹೀಗಿರುವಾಗ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯನ್ನು ಕೊಂಡು, ಬಂದ ದಿನವೇ ನಗುನಗುತ್ತ ನಮಸ್ಕಾರ ಹೇಳಿದ ಮನುಷ್ಯನ ಮೇಲೆ ನನಗೆ ಸಂಶಯ ಬಂದದ್ದರಲ್ಲಿ ವಿಶೇಷವೇನಿಲ್ಲ.

ಅವರು ತೀರಿಕೊಂಡು ಈಗ ಸ್ವಲ್ಪ ದಿನವಾಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ನಾನು ನೋಡಿದ್ದನ್ನು ಬರೆಯುತ್ತೇನೆ. ಒಳ್ಳೆಯದು ಇದ್ದರೆ ಅದರೊಳಗೇ ಬರುತ್ತದೆ.

ಗೋವಾದಲ್ಲಿ ಹಡಗಿನ ಮೇಲೆ ದುಡಿಯುವವರನ್ನು ಶಿಪ್ಪಿ ಎನ್ನುತ್ತಾರೆ. ನಮ್ಮ ಓಣಿಯವರು ಅದಕ್ಕೆ ಇನ್ನೊಂದು ಮಾತು ಸೇರಿಸಿ ಅವರನ್ನು ಶಿಪ್ಪಿ ಕಾಕಾ ಮಾಡಿದರು. ಮೂಲ ಗದಗಿನ ಕಡೆಯವರು. ತಂದೆಯ ಬೆನ್ನು ಹತ್ತಿ ವಾಸ್ಕೋ ಬಂದರಿಗೆ ಹಮಾಲಿ ಮಾಡಲು ಬಂದವರು, ಯಾರ ಕೈಕಾಲು ಹಿಡಿದರೋ ಏನೋ, ಪ್ರವಾಸಿಗಳ ದೊಡ್ಡ ಹಡಗು ಹತ್ತಿ, ಅಲ್ಲಿಯ ಬಾರ್ ನೋಡಿಕೊಳ್ಳುತ್ತ ಆಯುಷ್ಯ ಕಳೆದರು. ಮದುವೆ ಆಗಿರಲಿಲ್ಲ. ರಿಟೈರ್ ಆಗಿ ಬಂದಿದ್ದೇನೆ ಎಂದರು. ಪಣಜಿಯಲ್ಲಿ, ಮಡಗಾವಿನಲ್ಲಿ ಚೆಂದದ ಫ್ಲ್ಯಾಟು ಕೊಳ್ಳಬಹುದಾದ ಮನುಷ್ಯ ಕನ್ನಡ ಕೂಲಿಕಾರರ ಈ ಇಕ್ಕಟ್ಟಿನ ಓಣಿಗೆ ಯಾಕೆ ಬಂದ ಎಂಬುದು ನನ್ನ ಮೊದಲನೇ ಸಂಶಯ. ಕೇಳಿದ್ದಕ್ಕೆ, “ಇಲ್ಲೆ ನಮ್ಮ ಮಾತು ಕಿವಿಗೆ ಬೀಳತೈತ್ರಿ” ಎಂದರು. ಅಷ್ಟೇ ಕಾರಣಕ್ಕೆ ಯಾರಾದರೂ ನೀರಿಗೆ ಸರತಿ ನಿಲ್ಲುವ ಜಾಗಕ್ಕೆ ಬರುತ್ತಾರೆಯೇ?

ಗಿಡ್ಡ ಆಳು. ನಡೆಯುವಾಗ ಕಾಲು ಸ್ವಲ್ಪ ಅಗಲಿಸಿ ಇಡುತ್ತಿದ್ದರು, ನೆಲ ಎಲ್ಲಿ ವಾಲುತ್ತದೋ ಎನ್ನುವ ಹಾಗೆ. ಎಡಗಡೆ ಹೆಗಲ ಮೇಲೆ ಸದಾ ಒಂದು ಬಿಳಿ ಅರಿವೆಯ ಚೌಕ. ಎಲ್ಲಿ ಕೂತರೂ ಮುಂದಿನ ಮೇಜನ್ನು ಆ ಚೌಕದಿಂದ ದುಂಡಗೆ ಒರೆಸುವುದು ಅವರ ಚಟ. ಚಹಾದ ಅಂಗಡಿಯಲ್ಲಿ ಕೂತು ಅಂಗಡಿಯವನ ಮೇಜನ್ನೇ ಒರೆಸುತ್ತಿದ್ದರು. ಅವನಿಗೆ ಮೊದಮೊದಲು ಸಿಟ್ಟು ಬಂತು, ಆಮೇಲೆ ಆ ಮೇಜನ್ನು ಒರೆಸುವುದನ್ನೇ ಅವನು ಬಿಟ್ಟುಬಿಟ್ಟ.

ಇನ್ನೊಂದು ಚಟವೆಂದರೆ ಮಾತಾಡುವ ಮೊದಲು ಎದುರಿನವರ ಮುಖವನ್ನು ಒಂದು ಗಳಿಗೆ ಸುಮ್ಮನೆ ನೋಡುವುದು. ಒಮ್ಮೆ ನಾನು ಕೆಲಸ ಮುಗಿಸಿ ಬರುತ್ತಿದ್ದಾಗ ಹೀಗೇ ನೋಡಿ, “ಇವತ್ತ ಯಾರೋ ನಿಮ್ಮವರ ಪೈಕಿನ ಸಿಕ್ಕಬಿದ್ದಾರ ಕಾಣಸ್ತೈತಿ, ಸಾಹೇಬ್ರ” ಎಂದರು. ನಿಜ. ಅಂದು ನಮ್ಮ ಊರ ಕಡೆಯ ಹುಡುಗನೊಬ್ಬ ಬೋಲ್ಟಿನ ಪೊಟ್ಟಣದ ಸಮೇತ ಗೇಟಿನಲ್ಲಿ ಸಿಕ್ಕಿದ್ದ. ಇವರಿಗೆ ಯಾರು ಸುದ್ದಿ ಮುಟ್ಟಿಸಿದರು ಎಂದು ನಾನು ಒಂದು ವಾರ ತಲೆ ಕೆಡಿಸಿಕೊಂಡೆ. ಮುಖ ನೋಡಿ ಹೇಳಿದರು ಎಂಬುದನ್ನು ಒಪ್ಪಲು ನನ್ನ ಮನಸ್ಸು ತಯಾರಿರಲಿಲ್ಲ.

ಬಂದ ಸ್ವಲ್ಪ ದಿನಕ್ಕೇ ಅವರ ಮನೆಗೆ ಬಿದಿರು ಬಂತು. ಟೆಂಪೋದ ಮಹಬೂಬ ಸಾಂಖಳಿಯ ಕಡೆಯಿಂದ ಹೇರಿಕೊಂಡು ಬಂದಿದ್ದ. ಮರುದಿನ ತೆಂಗಿನ ಗರಿಯ ತಟ್ಟಿಗಳು, ಅದರ ಮರುದಿನ ತೆಂಗಿನ ಮರದ ದಪ್ಪ ತುಂಡುಗಳು, ಮೀನಿನ ಹಳೆಯ ಬಲೆ, ಹಗ್ಗದ ಸಿಂಬೆ. ಮಹಬೂಬನನ್ನು ಹಿಡಿದು ನಿಲ್ಲಿಸಿ ಕೇಳಿದೆ.

“ಏನ ಕಟ್ಟಾಕತ್ತಾರೋ ಅವರು?”

“ಬಾರ್ ಅಂತ್ರಿ. ಮನಿ ಒಳಗನ. ಅದಕ್ಕೊಂದು ಹೆಸರೂ ಹೇಳಿದ್ರು. ಟಿಕಿ.”

ಬಾರ್ ಎಂಬ ಮಾತು ಕೇಳಿ ನಾನು ಅಂಜಿದೆ. ಅದಕ್ಕೆ ಕಾರಣ ನನ್ನ ಸ್ವಭಾವವಲ್ಲ, ನನ್ನ ತಮ್ಮ.

ತಮ್ಮ ಪರಸು ಬಡಿಗತನ ಮಾಡುತ್ತಾನೆ. ಕಟ್ಟಡಗಳಿಗೆ ಹಲಗೆ ಹೊಡೆಯುವುದರಿಂದ ಹಿಡಿದು ಬಾಗಿಲು ಕೆತ್ತುವ ತನಕ ಎಲ್ಲ ಬರುತ್ತದೆ. ಕುಡಿತವೂ ಬಂತು. ಹೆಂಡತಿ ಬೇಸತ್ತು ಬದಾಮಿಗೆ, ತವರಿಗೆ ಹೋದವಳು ತಿರುಗಿ ಬರಲಿಲ್ಲ. ನಮ್ಮ ಕಡೆ ಕುಡಿತ ಕೈಮೀರಿದವನನ್ನು ಮನೆಯವರು ಪಂಢರಪುರಕ್ಕೆ ಕರೆದುಕೊಂಡು ಹೋಗಿ, ವಿಠ್ಠಲನ ಹೆಸರಿನಲ್ಲಿ ಕೊರಳಿಗೆ ತುಳಸಿಮಾಲೆ ಹಾಕಿಸುತ್ತಾರೆ. ಮಾಲೆ ಕೊರಳಲ್ಲಿರುವ ತನಕ ಹೆಂಡ, ಮಾಂಸ ಮುಟ್ಟುವಂತಿಲ್ಲ. ತಡೆಯಲಾರದೆ ಹೋದವನು ಮೊದಲು ಮಾಲೆ ತೆಗೆದು ಒಂದು ಗೂಟಕ್ಕೆ ತೂಗುಹಾಕುತ್ತಾನೆ, ಆಮೇಲೆ ಬಾರಿನ ದಾರಿ ಹಿಡಿಯುತ್ತಾನೆ. ವಿಠ್ಠಲನಿಗೆ ಹೇಳಿಯೇ ಹೋದಂತೆ. ನಮ್ಮ ಓಣಿಯಲ್ಲಿ ಯಾರ ಮನೆಯ ಗೂಟಕ್ಕಾದರೂ ಮಾಲೆ ತೂಗಿದ್ದು ಕಂಡರೆ ಬೇರೆ ವಿಚಾರಣೆ ಬೇಕಾಗುವುದಿಲ್ಲ.

ಪರಸುಗೂ ಮಾಲೆ ಹಾಕಿಸಿದ್ದೆವು. ಒಂದು ಸಲ ಅವನೂ ಅದನ್ನು ಸೈಕಲ್ಲಿನ ಹ್ಯಾಂಡಲಿಗೆ ತೂಗುಹಾಕಿ ಹೋದ. ಆ ಸಲ ರಕ್ತ ಕಾರಿಕೊಂಡು ದವಾಖಾನೆ ಸೇರಿದ. ಡಾಕ್ಟರು ನನ್ನನ್ನು ಹೊರಗೆ ಕರೆದು, ಇವನ ಪಿತ್ತಜನಕಾಂಗ ಇನ್ನೊಂದು ಸಲ ತಾಳುವುದಿಲ್ಲ, ಇನ್ನು ಕುಡಿದರೆ ಇವನನ್ನು ಇಲ್ಲಿಗೆ ತಂದು ಉಪಯೋಗವಿಲ್ಲ ಎಂದರು. ಅಂದಿನಿಂದ ನಾನು ಮನೆಯಲ್ಲೂ ಗೇಟು ಹಾಕಿದೆ. ದಿನಾ ಸಂಜೆ ಅವನು ಬಂದ ಕೂಡಲೇ ಬಾಗಿಲಲ್ಲಿ ನಿಲ್ಲಿಸಿ ಬಾಯಿ ಮೂಸುತ್ತಿದ್ದೆ. ಅವನೂ ಮರುಮಾತಿಲ್ಲದೆ ಬಾಯಿ ತೆರೆಯುತ್ತಿದ್ದ. ನಾಚಿಕೆ ನಮ್ಮಿಬ್ಬರಿಗೂ ಇತ್ತು, ಆದರೆ ತಮ್ಮನಿಗಿಂತ ನಾಚಿಕೆ ದೊಡ್ಡದಲ್ಲ.

ಇಂಥ ಮನೆಯ ಗೋಡೆಗೆ ಹಚ್ಚಿ ಬಾರ್ ಎದ್ದಿತ್ತು. ಅದನ್ನು ಕಟ್ಟಲು ಅವರು ಹಿಡಿದ ಬಡಿಗ ಯಾರೆಂದರೆ, ನಮ್ಮ ಪರಸು.

ನಾನು ಜಗಳಕ್ಕೇ ಹೋದೆ. ಅವರು ಅಂಗಳದಲ್ಲಿ ಕೂತು ಹಗ್ಗವನ್ನು ಒಂದು ದೀಪದ ಗಾಜಿನ ಸುತ್ತ ನೇಯುತ್ತಿದ್ದರು.

“ಅಂವಗ ಕುಡಿತ ಬಿಡಿಸೇವ್ರಿ ನಾವು. ಗೋವಾದಾಗ ಬಡಿಗೇರೇನು ಕಡಿಮಿ ಅದಾರ?”

ಅವರು ನನ್ನ ಮುಖ ನೋಡಿದರು. “ಗೊತ್ತೈತ್ರಿ. ಅಂವನ ಹೇಳ್ಯಾನ.”

“ಗೊತ್ತಿದ್ದೂ ಕರದೀರಿ?”

“ಗೊತ್ತಿದ್ದದ್ದಕ್ಕ ಕರದೇನಿ. ನಿಮ್ಮ ಕಣ್ಣ ಮುಂದ ಇದ್ದು ಇದ್ದು ದಣದಾನ ಅಂವ. ಒಂದೀಟು ನನ್ನ ಕಣ್ಣ ಮುಂದ ಇರಲಿ.”

“ಲೈಸನ್ಸ್ ಐತೇನ್ರಿ ನಿಮ್ಮ ಹಂತೇಕ?”

“ಮಾರೂವರಿಗೆ ಬೇಕ್ರಿ ಲೈಸನ್ಸ್. ನಾ ಏನೂ ಮಾರೂದಿಲ್ಲ.”

ಮಾರುವುದಿಲ್ಲ ಎಂದರೆ ಪುಕ್ಕಟೆ ಕುಡಿಸುತ್ತಾರೆ ಎಂದಾಯಿತು. ಅದು ಇನ್ನೂ ಕೆಟ್ಟದ್ದು. ಪರಸುನನ್ನು ಬಿಡಿಸಲು ನೋಡಿದೆ. ಅವನು ಮೊದಲನೇ ಸಲ ನನಗೆ ಎದುರು ಮಾತಾಡಿದ. ಇಷ್ಟು ವರ್ಷ ಹಲಗೆ ಹೊಡೆದೇ ಸಾಕಾಗಿದೆ, ಕೈಗೆ ಒಂದು ಕೆತ್ತನೆಯ ಕೆಲಸ ಸಿಕ್ಕಿದೆ, ಅದನ್ನು ಬಿಡುವುದಿಲ್ಲ ಎಂದ.

ಟಿಕಿ ಎಂದರೆ ಏನೆಂದು ಅವರು ಓಣಿಯವರಿಗೆಲ್ಲ ತಾಳ್ಮೆಯಿಂದ ಹೇಳುತ್ತಿದ್ದರು. ದೂರದ ಸಮುದ್ರದಲ್ಲಿ ನಡುಗಡ್ಡೆಗಳಿವೆಯಂತೆ. ಅಲ್ಲಿಯ ಜನ ಮರದಲ್ಲಿ ದೊಡ್ಡ ದೊಡ್ಡ ಮುಖಗಳನ್ನು ಕೆತ್ತುತ್ತಾರಂತೆ. ಅಮೆರಿಕಾದ ಮಂದಿ ಆ ನಡುಗಡ್ಡೆಗಳನ್ನು ನೋಡದೆಯೇ, ಹೀಗಿದ್ದಾವು ಎಂದು ಅಂದಾಜು ಕಟ್ಟಿ, ತಮ್ಮ ಊರುಗಳಲ್ಲಿ ಗರಿ, ಬಿದಿರು, ಮರದ ಮುಖ ಎಲ್ಲ ಜೋಡಿಸಿ ಬಾರ್ ಮಾಡಿದರಂತೆ. ಹಡಗಿನಲ್ಲಿ ಇವರು ನೋಡಿಕೊಂಡದ್ದು ಅಂಥದ್ದೇ ಒಂದನ್ನು. “ಅಂದ್ರ ಸುಳ್ಳಿನ ನಡುಗಡ್ಡಿ” ಎಂದೆ ನಾನು. “ಸುಳ್ಳಂದ್ರ ಸುಳ್ಳ ರೀ. ಆದ್ರ ಕುಂತವರಿಗೆ ಖರೇ ಗಾಳಿ ಬೀಸಬೇಕು, ಅದು ನಮ್ಮ ಕೆಲಸ” ಎಂದರು.

ಬಸ್ಸು ಹತ್ತಿದರೆ ಖರೇ ಸಮುದ್ರ, ಖರೇ ಗರಿಯ ಗುಡಿಸಲಿನ ಖರೇ ಬಾರು ಸಿಗುವ ಗೋವಾದಲ್ಲಿ, ಕತ್ತಲೆ ಕೋಣೆಯೊಳಗೆ ಸುಳ್ಳಿನ ಸಮುದ್ರ ಮಾಡುವ ಮನುಷ್ಯನನ್ನು ನೀವಾದರೂ ನಂಬುತ್ತೀರಾ? ನಾನು ನಂಬಲಿಲ್ಲ. ಇದರ ಹಿಂದೆ ಬೇರೆ ಏನೋ ಧಂದೆ ಇದೆ ಎಂದೇ ಲೆಕ್ಕ ಹಾಕಿದೆ.

ನನ್ನ ಹೆಂಡತಿಯ ಸಂಶಯ ಬೇರೆ ದಾರಿಯದು. ಪರಸು ತೆಂಗಿನ ತುಂಡಿನಲ್ಲಿ ಕೆತ್ತಿದ ಮೊದಲ ಮುಖ ಅಂಗಳದಲ್ಲಿ ಬಿಸಿಲಿಗೆ ಒಣಗುತ್ತಿದ್ದಾಗ ಅವಳು ಇಣುಕಿ ನೋಡಿ ಬಂದಳು. ಅಗಲವಾದ ಬಾಯಿ, ಸಾಲು ಹಲ್ಲು, ಉಬ್ಬಿದ ಕಣ್ಣು. ಕಟ್ಟುವ ಮನೆಗೆ ದೃಷ್ಟಿ ತಾಗದಿರಲಿ ಎಂದು ನಾವು ಇಂಥ ಮುಖವನ್ನು ಹೊರಗೆ, ಬೀದಿಯ ಕಡೆ ತೂಗುಹಾಕುತ್ತೇವೆ. ಇವರು ಒಳಗೆ ಹಾಕುತ್ತಾರಂತೆ, ಅದೂ ಕೋಣೆಯ ಕಡೆ ಮುಖ ಮಾಡಿ.

“ಹೊರಗಿನ ಕಣ್ಣಿಗೆ ಅಂಜಿ ಹೊರಗ ಹಾಕತಾರ. ಒಳಗ ಹಾಕ್ಯಾರಂದ್ರ ಒಳಗ ಏನ ಐತಿ?” ಎಂದು ಕೇಳಿದಳು. ಮರುದಿನ ಅಮಾವಾಸ್ಯೆ. ಅವರ ಹೊಸ್ತಿಲಲ್ಲಿ ಒಂದು ಲಿಂಬೆಹಣ್ಣು ಹೆಚ್ಚಿ, ಕುಂಕುಮ ಹಚ್ಚಿ ಇಟ್ಟು ಬಂದಳು. ಅವರು ಅದನ್ನು ತೆಗೆದುಕೊಂಡು ನಮ್ಮ ಬಾಗಿಲಿಗೆ ಬಂದು, “ವೈನಿ, ಲಿಂಬಿಹಣ್ಣ ಭಾಳ ಚಲೋ ಐತಿ. ಕುಂಕುಮ ಹಚ್ಚಲಾರದ್ದು ಇನ್ನೊಂದ ಇದ್ರ ಕೊಡ್ರಿ, ಶರಬತ್ತಿಗೆ ಬೇಕಾಗೇತಿ” ಎಂದರು. ಇವಳು ಒಳಗಿನಿಂದ ತಂದು ಕೊಟ್ಟಳು.

ಆ ಮೊದಲ ಮುಖವನ್ನು ಅವರು ಒಪ್ಪಲಿಲ್ಲ ಎಂಬುದು ಆಮೇಲೆ ತಿಳಿಯಿತು. ಮೊಬೈಲಿನಲ್ಲಿ ಚಿತ್ರ ತೋರಿಸಿದ್ದರು, ಆದರೆ ಪರಸುನ ಕೈ ಅವನನ್ನು ಕೇಳದೆ ನಮ್ಮೂರ ಕರೆವ್ವನ ಮುಖ ಕೆತ್ತಿತ್ತು. ಅವರು ಅದರ ಸುತ್ತ ಅಡ್ಡಾಡಿ ನೋಡಿ, “ಇದು ದೇವರಾತು. ನನಗ ದೇವರು ಬ್ಯಾಡ, ದೋಸ್ತ ಬೇಕು” ಎಂದರಂತೆ. ಎರಡನೆಯದು ರಾಕ್ಷಸನಾಯಿತು. ಮೂರನೆಯದು ಕೂಲಿಯವರನ್ನು ದುಡಿಸುವ ಯಾರೋ ಮುಕಾದಮನ ಹಾಗೆ ಕಂಡಿತಂತೆ. ಆಮೇಲಿನದು ಸರಿಹೋಯಿತು. ಹಲ್ಲು ಇದ್ದವು, ಆದರೆ ಕಚ್ಚುವ ಹಲ್ಲಲ್ಲ. ಬಾಟಲಿಗಳ ಕಪಾಟಿನ ಮುಂದೆ ಅದನ್ನು ನಿಲ್ಲಿಸಿದರು. ಸರಿಯಾಗದ ಮುಖಗಳನ್ನು ಎಸೆಯಲು ಪರಸು ಬಿಡಲಿಲ್ಲವಂತೆ, ಅವು ಮೂಲೆಯಲ್ಲಿ ಸ್ಟೂಲುಗಳಾದವು.

ಬಾರ್ ತಯಾರಾದ ಮೇಲೆ ದಿನಾ ಸಂಜೆ ಆರಕ್ಕೆ ಅವರು ಸ್ನಾನ ಮಾಡಿ, ದೊಡ್ಡ ದೊಡ್ಡ ಹೂವಿನ ಅಂಗಿ ಹಾಕಿ, ಚೌಕವನ್ನು ಹೆಗಲಿಗೇರಿಸಿ ಒಳಗೆ ಹೋಗುತ್ತಿದ್ದರು. ಗೋಡೆಗೆ ಕಿವಿ ಹಚ್ಚಿದರೆ ಡಬ್ಬಿಯಲ್ಲಿ ಬರ್ಫ ಕುಲುಕುವ ಸದ್ದು ಕೇಳುತ್ತಿತ್ತು. ಜಕ್, ಜಕ್, ಜಕ್. ನಡುವೆ ಪರಸುನ ನಗು. ಮನೆಯಲ್ಲಿ ಅವನು ನಕ್ಕದ್ದನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಕುಡಿಯದೆ ಮನುಷ್ಯ ಹಾಗೆ ನಗುತ್ತಾನೆಯೇ? ಅವನು ಬಂದಾಗ ಬಾಯಿ ಮೂಸಿದರೆ ಶುಂಠಿ, ಏಲಕ್ಕಿ, ಅನಾನಸಿನ ವಾಸನೆ. ವಾಸನೆ ಮುಚ್ಚಲೆಂದೇ ಇವನ್ನೆಲ್ಲ ಕೊಡುತ್ತಿದ್ದಾರೆ ಎಂದು ತಿಳಿದೆ.

“ಗ್ವಾಡಿಗೆ ಕಿವಿ ಹಚ್ಚಿ ಹಚ್ಚಿ ಸುಣ್ಣ ಬಳಕೊಂಡೀರಿ ನೋಡ್ರಿ” ಎಂದು ಹೆಂಡತಿ ನಗಾಡಿದಳು.

ಒಂದು ದಿನ ಚಹಾದ ಅಂಗಡಿಯಲ್ಲಿ ನೇರವಾಗಿ ಕೇಳಿದೆ. “ನೀವು ಕುಡೀತೀರೇನು?”

“ಡ್ಯೂಟಿ ಮ್ಯಾಲಿದ್ದಾಗ ಜನ್ಮದಾಗ ಒಂದ ಹನಿ ಮುಟ್ಟಿಲ್ರಿ” ಎಂದರು, ಮೇಜು ಒರೆಸುತ್ತ.

ಡ್ಯೂಟಿ ಮೇಲೆ ಎಂಬ ಮಾತನ್ನು ನಾನು ಹಿಡಿದೆ. ಗೇಟಿನಲ್ಲಿ ನಿಂತವನಿಗೆ ಇಂಥ ಮಾತು ತಪ್ಪುವುದಿಲ್ಲ. ಡ್ಯೂಟಿ ಮುಗಿದ ಮೇಲೆ? ಅದನ್ನು ಕೇಳುವಷ್ಟರಲ್ಲಿ ಅವರು ಎದ್ದು ಹೋಗಿಬಿಟ್ಟರು. ಬೇಕೆಂತಲೇ ಎದ್ದರು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆಮೇಲೆ ಬಂತು ಆ ಸಂಜೆ. ನಾನು ಕೆಲಸದಿಂದ ಬಂದಾಗ ಪರಸು ಹಿತ್ತಲಲ್ಲಿ ಬರಿಮೈಯಲ್ಲಿ ಕೈಕಾಲು ತೊಳೆಯುತ್ತಿದ್ದ. ಕೊರಳು ಬೋಳಾಗಿತ್ತು.

“ಮಾಲಿ ಎಲ್ಲಿ?”

“ಐತಿ.”

“ಎಲ್ಲಿ ಐತಿ?”

“ಕಾಕಾನ ಮನ್ಯಾಗ ಐತಿ, ಅಣ್ಣ. ನಾ ಹೇಳತೇನಿ, ಕೇಳಿಲ್ಲೆ...”

ನಾನು ಕೇಳಲಿಲ್ಲ. ಕಾಲಿಗೆ ಚಪ್ಪಲಿಯೂ ಇಲ್ಲದೆ ಗೋಡೆ ಬಳಸಿ ಅವರ ಮನೆಗೆ ನುಗ್ಗಿದೆ. ಬಾರ್ ಕಟ್ಟಿ ಮುಗಿದ ಮೇಲೆ ನಾನು ಒಳಗೆ ಕಾಲಿಟ್ಟದ್ದು ಅದೇ ಮೊದಲು.

ಕೋಣೆಯಲ್ಲಿ ಮಂದ ಬೆಳಕಿತ್ತು. ತಲೆಯ ಮೇಲೆ ಗರಿಯ ಛಾವಣಿ, ಅದರಿಂದ ಇಳಿಬಿದ್ದ ಬಲೆ, ಬಲೆಯಲ್ಲಿ ಹಸಿರು ಗಾಜಿನ ಗುಂಡುಗಳು. ಬಿದಿರಿನ ಕಟ್ಟೆಯ ಹಿಂದೆ ಹೂವಿನ ಅಂಗಿಯ ಅವರು ನೆಟ್ಟಗೆ ನಿಂತಿದ್ದರು. ಹಿಂದೆ ಬಾಟಲಿಗಳ ಸಾಲು. ಬಾಟಲಿಗಳ ಮುಂದೆ ಪರಸು ಕೆತ್ತಿದ ಮುಖ, ಅದರ ಕೊರಳಲ್ಲಿ ನನ್ನ ತಮ್ಮನ ತುಳಸಿಮಾಲೆ.

ಪಂಢರಪುರದಿಂದ ತಂದ ಮಾಲೆ ಹೆಂಡದ ಕಪಾಟಿಗೆ ತೂಗಿತ್ತು. ಆ ದವಾಖಾನೆಯ ಮಂಚ, ಆ ರಕ್ತ, ಡಾಕ್ಟರ ಮಾತು ಎಲ್ಲ ಒಟ್ಟಿಗೇ ನೆನಪಾದವು. ಕಟ್ಟೆಯ ಮೇಲೆ ಮುಖದ ಆಕಾರದ ಒಂದು ಪಿಂಗಾಣಿ ಲೋಟವಿತ್ತು, ಅರ್ಧ ಖಾಲಿ. ಎತ್ತಿ ಮೂಸಿದೆ. ತಿಳಿಯಲಿಲ್ಲ. ಕುಡಿದೆ. ಕೋಕಮ್ಮಿನ ಶರಬತ್ತು, ಶುಂಠಿ, ಬೆಲ್ಲ, ತೆಂಗಿನ ಹಾಲು.

“ಇದರಾಗ ಮತ್ತೇನ ಹಾಕೀರಿ?”

“ಒಂಚೂರು ಜಾಜಿಕಾಯಿ” ಎಂದರು.

ಕಟ್ಟೆಯ ಹಿಂದೆ ಹೋಗಿ ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಮುಚ್ಚಳ ತಪಾಸು ಮಾಡಿದೆ, ಗೇಟಿನಲ್ಲಿ ಮಾಡುವ ಹಾಗೆ. ಅವರು ಸರಿದು ಜಾಗ ಕೊಟ್ಟರು. ರಮ್ಮು, ಬ್ರಾಂಡಿ, ನನಗೆ ಹೆಸರೂ ಓದಲು ಬಾರದ ಇನ್ನೇನೇನೋ. ಒಂದರ ಸೀಲೂ ಒಡೆದಿರಲಿಲ್ಲ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಇಷ್ಟು ಬಾಟಲಿ ಇಟ್ಟುಕೊಂಡು ಒಂದನ್ನೂ ತೆರೆಯದವನ ಮೇಲೆ ಸಂಶಯ ಹೆಚ್ಚಾಗುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ.

“ಕುಡಿಸೂದಿಲ್ಲ, ಮಾರೂದಿಲ್ಲ, ನೀವೂ ಕುಡಿಯೂದಿಲ್ಲ. ಮತ್ತ ಇದನ್ನ ಯಾಕ ಕಟ್ಟಿಸೀರಿ?”

“ಕುಂದರ್ರಿ” ಎಂದರು.

ಕೂತೆ. ಅವರು ಕೂರಲಿಲ್ಲ. ಕಟ್ಟೆಯನ್ನು ಚೌಕದಿಂದ ಒರೆಸುತ್ತಲೇ ಹೇಳಿದರು.

“ನಾ ರಿಟೈರ್ ಆಗಿಲ್ರಿ. ನನ್ನ ಇಳಿಸ್ಯಾರ. ಬಾರ್ ಹಿಂದ ನಿಂತಾಗ ನನಗ ಕುಡೀಬೇಕು ಅನಸೂದ ಇಲ್ಲ, ಖರೇ ಹೇಳತೇನಿ. ಕೈಯಾಗ ಬಾಟ್ಲಿ ಇರತಿತ್ತು, ಬಾಯಿಗೆ ನೆನಪ ಇರತಿದ್ದಿಲ್ಲ. ಡ್ಯೂಟಿ ಮುಗಿಸಿ ಕ್ಯಾಬಿನ್ನಿಗೆ ಹೋದ ಮ್ಯಾಲೆ ನನ್ನ ಹಿಡಿಯೋರ ಇಲ್ಲ. ಹಡಗದ ಡಾಕ್ಟರ್ ಹೊಟ್ಟಿ ಒತ್ತಿ ನೋಡಿ, ಲಿವರ್ ಹೋಗೇತಿ, ಇನ್ನ ಭಾಳ ದಿನ ಇಲ್ಲ ಅಂದ. ಮನಿಗೆ ಹೋಗು ಅಂದ. ಮನಿಗೆ ಬಂದ್ರ ಏನಾತು? ಮುಂಜಾನಿಂದ ಸಂಜಿ ತನಕ ಡ್ಯೂಟಿನ ಇಲ್ಲ.”

“ಅದಕ್ಕ?”

“ಅದಕ್ಕ ಡ್ಯೂಟಿ ಕಟ್ಟಿಸಿದೆ.”

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಹಾಗಾದರೆ ಶರಬತ್ತಿನ ಅಂಗಡಿ ಹಾಕಬಹುದಿತ್ತಲ್ಲ, ಬಾಟಲಿ ಯಾಕೆ ಎಂದೆ.

“ಗೇಟ ಇಲ್ಲದ ಜಾಗಾದಾಗ ನೀವು ಕಾಯ್ತೀರೇನು, ಸಾಹೇಬ್ರ? ಬಾಟ್ಲಿ ಇಲ್ಲದ ಬಾರ್ ಹಿಂದ ನಾ ಹ್ಯಾಂಗ ನಿಲ್ಲಲಿ?”

“ಮತ್ತ ಮಾಲಿ?”

ಪರಸು ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ. ಅವನೇ ಹೇಳಿದ. ಅಂದು ಬೆಳಿಗ್ಗೆ ಅವರ ಹಡಗಿನ ಜೊತೆಗಾರನೊಬ್ಬ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತಂತೆ. ಪರಸು ಗರಿ ಸರಿಪಡಿಸಲು ಹೋದಾಗ ಇವರು ಅಂಗಿಯಿಲ್ಲದೆ, ಚೌಕವಿಲ್ಲದೆ, ಕಟ್ಟೆಯ ಈಚೆ, ಗಿರಾಕಿ ಕೂರುವ ಸ್ಟೂಲಿನ ಮೇಲೆ ಕೂತಿದ್ದರಂತೆ. ಕೈಯಲ್ಲಿ ರಮ್ಮಿನ ಬಾಟಲಿ, ಬೆರಳು ಮುಚ್ಚಳದ ಮೇಲೆ. ಪರಸು ತನ್ನ ಮಾಲೆ ತೆಗೆದು ಅವರ ಕೊರಳಿಗೆ ಹಾಕಲು ಹೋದ.

“ಬ್ಯಾಡ ಅಂದ್ರು. ದನಾ ತಿಂದೇನಿ, ಹಂದಿ ತಿಂದೇನಿ, ನನ್ನ ಕೊರಳಿಗೆ ಇದು ನಿಲ್ಲೂದಿಲ್ಲ ಅಂದ್ರು. ಹಂಗಾದ್ರ ಇವನ ಕೊರಳಿಗೆ ಹಾಕತೇನಿ ಅಂದೆ” ಎಂದು ಪರಸು ಮರದ ಮುಖವನ್ನು ತೋರಿಸಿದ. “ಇಂವ ಮಾಲಿ ಹಾಕ್ಕೊಂಡಾನ. ಇನ್ನ ಇವನ ಹಿಂದಿನ ಬಾಟ್ಲಿ ಒಡೀಬೇಕಂದ್ರ ಮೊದಲ ಇವನ ಮಾಲಿ ತಗೀಬೇಕು. ಕಾಕಾಗ ಅದು ಆಗಲಿಲ್ಲ. ಬಾಟ್ಲಿ ತಿರುಗಿ ಇಟ್ರು.”

ಕಾಕಾ ಬೇರೆ ಕಡೆ ನೋಡುತ್ತ ಬರ್ಫದ ಡಬ್ಬಿ ತೆರೆದರು. ಗೂಟಕ್ಕೆ ಮಾಲೆ ತೂಗಿದ್ದು ಕಂಡರೆ ಕುಡಿಯಲು ಹೋದ ಎಂದು ತಿಳಿಯುವುದು ನಮ್ಮ ಓಣಿಯ ರೂಢಿ. ಒಬ್ಬ ಕುಡಿಯದಿರಲಿ ಎಂದು ಇನ್ನೊಬ್ಬ ತೂಗುಹಾಕಿದ್ದು ಎಲ್ಲಿಯಾದರೂ ಇದೆಯೇ? ಹಾಗಾಗಿ ನಾನು ಸಂಶಯಪಟ್ಟದ್ದಕ್ಕೆ ನನಗೆ ನಾಚಿಕೆಯೇನೂ ಇಲ್ಲ. ನನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ತಿಳಿಯುತ್ತಿದ್ದರು.

“ಅಂವನ ಕೊರಳು ಬರಿದಾತಲ್ರಿ. ಅಂವಗ ಯಾರ ದಿಕ್ಕು?” ಎಂದು ಕೇಳಿದೆ.

“ನಾ ಅದೇನಲ್ರಿ, ಡ್ಯೂಟಿ ಮ್ಯಾಲೆ” ಎಂದರು.

ಅಂದಿನಿಂದ ಅವರನ್ನು ನಂಬಿಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಬಾಯಿ ಮೂಸುವುದನ್ನು ನಾನು ಬಿಡಲಿಲ್ಲ. ಆಗಾಗ ಹೋಗಿ ಸೀಲುಗಳನ್ನು ನೋಡಿ ಬರುತ್ತಿದ್ದೆ. ಅವರಿಗೆ ಅದರಿಂದ ಬೇಸರವಿರಲಿಲ್ಲ. “ಇನ್ಸ್ಪೆಕ್ಷನ್ ಬಂತು” ಎಂದು ತಾವೇ ಬಾಟಲಿಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ತಪಾಸು ಮುಗಿದ ಮೇಲೆ ನನ್ನ ಮುಂದೆ ಒಂದು ಲೋಟ. ಅನಾನಸಿನ ಎಲೆ, ಕಾಗದದ ಪುಟ್ಟ ಕೊಡೆ ಸಿಕ್ಕಿಸಿ, ಎರಡೂ ಕೈಯಿಂದ, ದೊಡ್ಡ ಮನುಷ್ಯರಿಗೆ ಕೊಡುವ ಹಾಗೆ ಮುಂದಿಡುತ್ತಿದ್ದರು. ಕಾರ್ಖಾನೆಯ ಗೇಟಿನಲ್ಲಿ ನಿಂತವನಿಗೆ ಯಾರೂ ಏನನ್ನೂ ಹಾಗೆ ಕೊಟ್ಟಿರಲಿಲ್ಲ. ಇದೂ ಒಂದು ಥರದ ಲಂಚವೇ ಎಂದು ಮನಸ್ಸಿಗೆ ಬರುತ್ತಿತ್ತು, ಆದರೂ ಕುಡಿಯುತ್ತಿದ್ದೆ.

ಅಲ್ಲಿ ಕೂತಾಗ ಅವರಿಬ್ಬರ ಮಾತು ನನಗೆ ವಿಚಿತ್ರ ಅನ್ನಿಸುತ್ತಿತ್ತು. ಪರಸು ಸ್ಟೂಲಿನ ಮೇಲೆ ಕೂತ ಕೂಡಲೇ ಅವರು ಮುಖ ನೋಡಿ, “ಇವತ್ತ ಹ್ಯಾಂಗೈತಿ?” ಎನ್ನುತ್ತಿದ್ದರು. “ಇವತ್ತ ಜೋರೈತಿ, ಕಾಕಾ” ಎನ್ನುತ್ತಿದ್ದ ಅವನು. “ನನಗೂ” ಎನ್ನುತ್ತಿದ್ದರು ಇವರು. ಮಳೆಯ ವಿಷಯ ಮಾತಾಡುವಷ್ಟು ಸಲೀಸಾಗಿ. ಆಮೇಲೆ ಬರ್ಫ ಕುಲುಕುತ್ತಿದ್ದರು. ಏನು ಜೋರಿದೆ ಎಂದು ನಾನು ಬಾಯಿಬಿಟ್ಟು ಕೇಳಲಿಲ್ಲ, ಕುಡಿತದ ಸೆಳೆತ ಎಂದು ನನಗೆ ತಿಳಿಯುತ್ತಿತ್ತು. ನನ್ನ ತಮ್ಮ ಆ ಮಾತನ್ನು ನನಗೆ ಹೇಳದೆ, ಎಲ್ಲಿಂದಲೋ ಬಂದ ಮನುಷ್ಯನಿಗೆ ಹೇಳುತ್ತಾನಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಹಾಸಿಗೆಯನ್ನೂ ಅವರು ಕಟ್ಟೆಯ ಹಿಂದೆಯೇ ಹಾಕಿಕೊಂಡಿದ್ದರು. ನಿದ್ದೆಯಲ್ಲೂ ಕಟ್ಟೆಯ ಈಚೆ ಬರಬಾರದೆಂದು ಇರಬೇಕು. ಈ ಮಳೆಗಾಲ ಮುಗಿಯುವ ಹೊತ್ತಿಗೆ ಕಾಲು ಬಾತವು, ಕಣ್ಣು ಹಳದಿಯಾದವು. ಹಡಗಿನ ಡಾಕ್ಟರು ಹೇಳಿದ್ದು ಸುಳ್ಳಾಗಿರಲಿಲ್ಲ, ತಡವಾಗಿ ಬಂತು, ಅಷ್ಟೇ. ದವಾಖಾನೆಯಲ್ಲಿ ಪರಸು ಹಗಲೂ ರಾತ್ರಿ ಕೂತ. ಅವರು ಹೋದದ್ದು ಒಂದು ಮಧ್ಯಾಹ್ನ. ನಾನು ಹೋದಾಗ ಪರಸು ಅವರ ಮಂಚದ ಪಕ್ಕದ ಸಣ್ಣ ಮೇಜನ್ನು ಬಿಳಿ ಚೌಕದಿಂದ ಒರೆಸುತ್ತ ಕೂತಿದ್ದ. ನನಗೆ ಅಳು ಬಂತು. ಯಾಕೆ ಬಂತು ಎಂದು ನಾನು ತಪಾಸು ಮಾಡಲು ಹೋಗಲಿಲ್ಲ.

ಗದಗಿನಿಂದ ಅವರ ಅಕ್ಕನ ಮಗ ಬಂದ. ಒಳ್ಳೆಯ ಹುಡುಗ, ಅವಸರದವನು. ಸೀಲು ಒಡೆಯದ ಬಾಟಲಿಗಳನ್ನು ಕಂಡು ಬೆರಗಾಗಿ ಎಲ್ಲವನ್ನೂ ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ. ಮರದ ಮುಖದ ಕೊರಳಲ್ಲಿ ತುಳಸಿಮಾಲೆ ನೋಡಿ, ಮಾವ ಪೂಜೆ ಮಾಡುತ್ತಿದ್ದ ದೇವರು ಎಂದು ತಿಳಿದು, ಚಪ್ಪಲಿ ಬಿಟ್ಟು ಕೈ ಮುಗಿದ. ಅಲ್ಲ ಎಂದು ಹೇಳಲು ನಾನೂ ಹೋಗಲಿಲ್ಲ, ಪರಸುವೂ ಹೋಗಲಿಲ್ಲ. ಮಹಬೂಬನ ಟೆಂಪೋದಲ್ಲಿ ಅದು ಮುಂದಿನ ಸೀಟಿನಲ್ಲಿ ಕೂತು ಊರಿಗೆ ಹೋಯಿತು, ಮಾಲೆಯ ಸಮೇತ. ಗರಿ, ಬಿದಿರು ಅಲ್ಲೇ ಉಳಿದವು. ಮನೆಗೆ ಬೀಗ ಬಿತ್ತು.

ಅದರ ಮರುದಿನ ಸಂಜೆ ನಾನು ಕೆಲಸದಿಂದ ಬಂದೆ. ಪರಸು ನಮ್ಮ ಮೆಟ್ಟಿಲ ಮೇಲೆ ಕೂತಿದ್ದ, ಕೈಗಳನ್ನು ತೊಡೆಯ ಸಂದಿಯಲ್ಲಿ ಒತ್ತಿಹಿಡಿದುಕೊಂಡು. ಹೊತ್ತು ಆರು ದಾಟಿತ್ತು. ನಾನು ಒಳಗೆ ಹೋಗಲು ಅವನನ್ನು ದಾಟುತ್ತಿದ್ದಾಗ ತಲೆ ಎತ್ತದೆ ಹೇಳಿದ.

“ಅಣ್ಣ, ಇವತ್ತ ಭಾಳ ಜೋರೈತಿ.”

ಹುಟ್ಟಿದಾಗಿನಿಂದ ಅವನು ಈ ವಿಷಯದಲ್ಲಿ ತಾನಾಗಿ ನನಗೆ ಹೇಳಿದ ಮೊದಲ ಮಾತು ಅದು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಮಾಲೆ, ದವಾಖಾನೆ, ಡಾಕ್ಟರು, ಎಲ್ಲ ಸಾಲಾಗಿ ತಯಾರಿದ್ದವು. ಅವನ ಮುಖ ನೋಡಿದೆ. ಅಂಜಿದ ಮುಖ.

“ಊಟದ ತನಕ ತಡೀತೈತೇನು?”

“ಗೊತ್ತಿಲ್ಲಣ್ಣ.”

“ಹಂಗಾದ್ರ ಏಳು. ಅಡ್ಡಾಡಿ ಬರೂಣು.”

ಅವನು ಎದ್ದ. ಚೀಲವನ್ನು ಬಾಗಿಲೊಳಗೆ ಇಟ್ಟು ನಾನೂ ಅವನ ಜೊತೆ ಹೊರಟೆ. ಬಸ್‌ಸ್ಟಾಪಿನ ಕಡೆ ಹೋದರೆ ಸಾಲಾಗಿ ಬಾರುಗಳು, ಎಡಕ್ಕೆ ಹೋದರೆ ಮೂಲೆಯಲ್ಲೇ ಒಂದು. ಬಲಕ್ಕೆ ತಿರುಗಿದೆವು. ಗೋವಾದಲ್ಲಿ ಬಾರಿಲ್ಲದ ದಾರಿ ಸಿಗುವುದು ಸುಲಭವಲ್ಲ. ನಾವಿಬ್ಬರೂ ಅದನ್ನು ಹುಡುಕುತ್ತ ನಡೆದೆವು.